ಗವಿಬಾಯಿಯ ಸರದಿ

ಬಹಳ ಹಿಂದೆ, ಸುತ್ತಲೂ ಬೆಟ್ಟಗಳೇ ಗೋಡೆಯಾಗಿದ್ದ ಒಂದು ನಾಡಿತ್ತು. ಕುಂಭಾವತಿ ಅಂತ ಅದರ ಹೆಸರು. ಬೆಟ್ಟದಾಚೆಯವರಿಗೆ ಏನಾದರೂ ಹೇಳಬೇಕಾದರೆ ಅಲ್ಲಿಯ ಜನ ಅಂಗೈಗೆ ಬಾಯಿಟ್ಟು ಮಾತಾಡುತ್ತಿದ್ದರು. ಮಾತು ಹಕ್ಕಿಯಾಗಿ ಹಾರುತ್ತಿತ್ತು. ಆಚೆಗೆ ಹೋಗಲು ಇದ್ದದ್ದು ಒಂದೇ ಗವಿ. ಅದರ ಕಾವಲಿಗಿದ್ದವಳು ನಾಗಲಾಂಬೆ.

ಮೊದಲೆಲ್ಲ ಅವಳಿಗೆ ಕೆಲಸವೇ ಇರಲಿಲ್ಲ. ಬಂದ ಹಕ್ಕಿ ಬಂದ ಹಾಗೇ ಹೋಗುತ್ತಿತ್ತು. ಆಮೇಲೆ ಜಂಭಕನೆಂಬ ಮಾಂತ್ರಿಕ ಬಂದು ನೆಲೆಸಿದ. ಆಚೆಯ ಸೀಮೆಯನ್ನು ವಶಮಾಡಿಕೊಳ್ಳುವ ಮಂತ್ರವನ್ನು ಬೆಳಗಿನಿಂದ ಬೈಗಿನವರೆಗೆ ಜಪಿಸತೊಡಗಿದ. ಒಂದೊಂದು ಅಕ್ಷರವೂ ಕಾಗೆಯಾಗಿ ಗವಿಗೆ ನುಗ್ಗಿತು. ಉಳಿದವರ ಹಕ್ಕಿಗಳು ಬಾಗಿಲಲ್ಲೇ ಕಾದು ಕಾದು ಕರಗಿಹೋದವು. ಜನ ಅದೇ ಮಾತನ್ನು ಮತ್ತೆ ಮತ್ತೆ ಕಳಿಸಿದರು. ನೂಕುನುಗ್ಗಲು ಇನ್ನಷ್ಟು ಹೆಚ್ಚಿತು. ಸಿಕ್ಕಿಕೊಂಡ ಹಕ್ಕಿಗಳನ್ನು ಬಿಡಿಸುವುದರಲ್ಲೇ ನಾಗಲಾಂಬೆ ಹೈರಾಣಾದಳು.

ಒಂದು ದಿನ ನೇಕಾರರ ದೇಮವ್ವ ಬಂದು ಗವಿಯ ಮುಂದೆ ಕೂತಳು. ಅವಳ ಹಕ್ಕಿಗಳೆಲ್ಲ ಕರಗಿದ್ದವು.

"ಅಕ್ಕಾ, ಮಗಳ ಮೈ ಕೆಂಡವಾಗಿದೆ. ಆಚೆಯ ವೈದ್ಯರಿಗೆ ಒಂದು ಮಾತು ಮುಟ್ಟಿಸು."

ನಾಗಲಾಂಬೆ ಉಳಿ ಹಿಡಿದು ಬಂಡೆ ಕಡಿದಳು. ಅಂಗೈ ಬೊಬ್ಬೆಯೆದ್ದಿತು. ಗವಿ ಅಗಲವಾಯಿತು. ಜಂಭಕ ಇನ್ನೂ ಬಿರುಸಾಗಿ ಜಪಿಸಿದ. ಅಗಲವಾದಷ್ಟೂ ಕಾಗೆಗಳೇ ತುಂಬಿದವು.

ಆಮೇಲೆ ಅವಳು ಕೋಲು ಹಿಡಿದು ಕಾಗೆಗಳನ್ನು ಅಟ್ಟಿದಳು. ಅವು ಗುಬ್ಬಿ, ಗಿಳಿ, ಪಾರಿವಾಳಗಳ ವೇಷದಲ್ಲಿ ತಿರುಗಿ ಬಂದವು. ಯಾವುದು ಯಾರದೆಂದು ತಿಳಿಯದೆ ಬೀಸಿದ ಕೋಲು ದೇಮವ್ವನ ಹೊಸ ಗುಬ್ಬಿಗೇ ತಾಗಿತು. ಗುಬ್ಬಿ ಕರಗಿತು. ದೇಮವ್ವ ಮತ್ತೆ ಅಂಗೈಗೆ ಬಾಯಿಟ್ಟಳು.

ನಾಗಲಾಂಬೆ ಕುಸಿದು ಕೂತಳು. ಅಳಲೂ ತ್ರಾಣವಿರಲಿಲ್ಲ. ತಲೆ ಎತ್ತಲಾಗದೆ ನೆಲವನ್ನೇ ನೋಡುತ್ತಿದ್ದಳು. ಬಿಸಿಲಲ್ಲಿ ನೆರಳುಗಳು ಹಾಯುತ್ತಿದ್ದವು. ಒಂದು ನೆರಳಿನ ಜಾಡು ಹಿಡಿದು ಕಣ್ಣೆತ್ತಿದಳು. ಮೇಲೆ ಹಾರುತ್ತಿದ್ದದ್ದು ಗಿಳಿ, ನೆಲದ ಮೇಲಿನ ನೆರಳು ಮಾತ್ರ ಕಾಗೆಯದು.

ಅವಳು ಮೆಲ್ಲನೆ ಎದ್ದು ಬಾಗಿಲಿಗೆ ಅಡ್ಡ ನಿಂತಳು. ಮನೆಗೊಂದರಂತೆ ಹಕ್ಕಿಗಳನ್ನು ಒಳಗೆ ಬಿಟ್ಟಳು. ಎಲ್ಲರದೂ ಒಂದು ಸುತ್ತು ಮುಗಿದ ಮೇಲೆ ಮತ್ತೆ ಮೊದಲಿನಿಂದ. ಕಾಗೆ ನೆರಳಿನವಕ್ಕೆಲ್ಲ ಸೇರಿ ಒಂದೇ ಸರದಿ. ದೇಮವ್ವನ ಗುಬ್ಬಿ ಆಚೆಗೆ ಹಾರಿತು.

ಜಂಭಕ ತಾನೇ ಬಂದ. "ನನ್ನನ್ನು ತಡೆಯುತ್ತೀಯಾ?"

"ತಡೆಯುವುದಿಲ್ಲ. ನಿನಗೂ ಒಂದು ಸರದಿ ಇದೆ. ಬೇರೆ ಯಾರೂ ಇಲ್ಲದಾಗ ಎಷ್ಟು ಬೇಕಾದರೂ ಕಳಿಸು."

ಆದರೆ ನಾಡು ದೊಡ್ಡದು. ಯಾರಾದರೊಬ್ಬರು ಮಾತಾಡುತ್ತಲೇ ಇದ್ದರು. ಮಂತ್ರದ ಒಂದಕ್ಷರಕ್ಕೂ ಇನ್ನೊಂದಕ್ಕೂ ನಡುವೆ ಯಾರದೋ ಕುಶಲ, ಯಾರದೋ ಸಂಬಂಧದ ಮಾತು, ಯಾರದೋ ಜಗಳ ಸೇರಿ ಮಂತ್ರ ಚೂರುಚೂರಾಯಿತು. ಆ ಚೂರುಗಳು ತಿರುಗಿ ಬಂದು ಜಂಭಕನನ್ನೇ ಕಲ್ಲಾಗಿಸಿದವು.

ವೈದ್ಯರು ಬಂದರು. ಮಗಳು ಕಣ್ಣು ಬಿಟ್ಟು ಗಂಜಿ ಕೇಳಿದಳು. ಅವಳು ಎದ್ದು ಓಡಾಡುವಂತಾದ ಮೇಲೆ ದೇಮವ್ವ ಗವಿಗೆ ಬಂದು, ಇವತ್ತು ನಾನು ನೋಡಿಕೊಳ್ಳುತ್ತೇನೆ ಎಂದಳು. ಮರುದಿನ ಇನ್ನೊಬ್ಬರು ಬಂದರು. ಕುಂಭಾವತಿಯ ಜನ ಹೀಗೇ ಕಾವಲು ಹಂಚಿಕೊಂಡು, ಹೇಳುವುದನ್ನು ಹೇಳಿಕೊಂಡು, ಬಹುಕಾಲ ನೆಮ್ಮದಿಯಾಗಿ ಬಾಳಿದರು.

ನಾಗಲಾಂಬೆ ಮನೆಗೆ ಹೋಗಿ ಚಾಪೆ ಹಾಸಿ ಮಲಗಿದಳು. ಯಾರೂ ಅವಳನ್ನು ಎಬ್ಬಿಸಲಿಲ್ಲ.