ಹೊರೇಸನ ಕಾರಿನ ಗುಳ್ಳೆಗಳು

"ನನ್ನ ಗಂಡನ ಕಾರಿನ ಚರ್ಮ ಸುಲಿದುಬಿಟ್ಟೆಯಲ್ಲೇ, ಪಾಪಿ!"

ಎಡ್ನಾಳ ಕೂಗಿಗೆ ಗ್ಯಾರೇಜಿನಲ್ಲಿದ್ದ ಸೊಸೆ ನೆರಿಸ್ ಬೆಚ್ಚಿ ನಿಂತಳು. ಕೈಯಲ್ಲಿ ಉಪ್ಪುಕಾಗದ, ಹುಬ್ಬಿನ ಮೇಲೆಲ್ಲ ಹಸಿರು ಬಣ್ಣದ ಧೂಳು. ಮುಂದೆ ಮಾವ ಹೊರೇಸನ ಪುಟ್ಟ ಫೈಬರ್‌ಗ್ಲಾಸ್ ಕಾರು. ಅದರ ಬಾನೆಟ್ ಬಣ್ಣ ಕಳೆದುಕೊಂಡು ಬೋಳಾಗಿತ್ತು.

ಕಳೆದ ಬೇಸಿಗೆಯಲ್ಲಿ ಮಾವ ಸೊಸೆ ಸೇರಿ ಆ ಕಾರಿಗೆ ಬಣ್ಣ ಹೊಡೆದಿದ್ದರು. ಬಣ್ಣ ಆರಿದ ಸ್ವಲ್ಪ ದಿನಕ್ಕೇ ಹೊರೇಸನಿಗೆ ಪಾರ್ಶ್ವವಾಯು ಬಡಿಯಿತು. ಅವನು ಆಸ್ಪತ್ರೆ ಸೇರಿದ ಮೇಲೆ ಯಾರ್ಕ್‌ಷೈರಿನ ಚಳಿಗಾಲಕ್ಕೆ ಹೆದರಿ ಎಡ್ನಾಳೇ ಕಾರಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿ ಬಿಗಿಯಾಗಿ ಕಟ್ಟಿದ್ದಳು. ಆಸ್ಪತ್ರೆಯಿಂದ ಬಂದಾಗಲೆಲ್ಲ ಆ ಹಾಳೆಯನ್ನು ಸವರಿ, "ಬರ್ತಾರೆ, ನಿನ್ನ ಯಜಮಾನರು ಬಂದೇ ಬರ್ತಾರೆ" ಎನ್ನುತ್ತಿದ್ದಳು... ವಸಂತದಲ್ಲಿ ಹಾಳೆ ತೆಗೆದರೆ ಬಾನೆಟ್ಟಿನ ತುಂಬ ಸಿಡುಬಿನಂಥ ಗುಳ್ಳೆಗಳು!

"ನಿನ್ನ ಕೈಗುಣವೇ ಇಷ್ಟು! ನಿಮ್ಮ ತವರು ವೇಲ್ಸ್‌ನಲ್ಲಿ ಮಳೆ ಬಿಟ್ರೆ ಇನ್ನೇನು ಗೊತ್ತು ನಿಮಗೆ? ಅವರು ಬಂದು ಇದನ್ನ ನೋಡಿದ್ರೆ ಎದೆ ಒಡೆದುಕೊಳ್ತಾರೆ!"

ನೆರಿಸ್ ತಲೆ ತಗ್ಗಿಸಿದಳು. ಬಾಗಿಲಲ್ಲಿ ನಿಂತಿದ್ದ ಅವಳ ಗಂಡ ಕ್ಲೈವ್ ತಡೆಯಲಾರದೆ ಸಿಡಿದ.

"ಸಾಕಮ್ಮಾ! ನೀನು ಬಿಗಿದ ಪ್ಲಾಸ್ಟಿಕ್ಕಿನೊಳಗೆ ತೇವ ಸಿಕ್ಕಿಕೊಂಡು ಗುಳ್ಳೆ ಎದ್ದಿದ್ದು. ಅತ್ತೆಗೆ ಹೇಳಬೇಡಿ, ನೊಂದ್ಕೋತಾರೆ ಅಂತ ಇವಳೇ ನನ್ನ ಬಾಯಿ ಕಟ್ಟಿಹಾಕಿದ್ಲು!"

ಎಡ್ನಾ ಬಣ್ಣದ ಡಬ್ಬಿಯ ಮೇಲೆ ಕುಸಿದು ಕೂತಳು. "ನಾನಾ...? ನಾನೇನಾ...?"

"ಕಾಪಾಡಬೇಕು ಅಂತ ತಾನೇ ಮಾಡಿದ್ದು, ಅತ್ತೆ," ಎಂದು ನೆರಿಸ್ ಅವಳ ಪಕ್ಕದಲ್ಲಿ ಮಂಡಿಯೂರಿದಳು. "ಸರಿಹೋಗುತ್ತೆ. ಗುಳ್ಳೆ ಇದ್ದಲ್ಲೆಲ್ಲ ಉಜ್ಜಿ ತೆಗೆದಿದೀನಿ. ಈಗ ಒಳಗಿನ ತೇವ ಪೂರ್ತಿ ಆರಬೇಕು. ಆದ್ರೆ ಈ ಥಂಡಿ ಗ್ಯಾರೇಜಲ್ಲಿ..."

ಎಡ್ನಾ ಎದ್ದು ಮನೆಯೊಳಗೆ ಹೋದಳು. ಕ್ರಿಸ್‌ಮಸ್ಸಿಗೂ ಸಾವಿಗೂ ಮಾತ್ರ ತೆರೆಯುತ್ತಿದ್ದ ಮುಂಕೋಣೆಯ ಬಾಗಿಲು ತೆಗೆದು, ನೆಲದ ರತ್ನಗಂಬಳಿ ಸುತ್ತಿಟ್ಟು, ಹೀಟರ್ ಹಾಕಿದಳು. "ಆ ಬಾನೆಟ್ ಬಿಚ್ಚಿ ತನ್ನಿ ಇಲ್ಲಿಗೆ! ಧೂಳು ಬಿದ್ರೆ ನಾನೇ ಗುಡಿಸ್ತೀನಿ!"

ವಾರಗಟ್ಟಲೆ ಆ ಬಾನೆಟ್ ಎರಡು ಕುರ್ಚಿಗಳ ಮೇಲೆ ಅತಿಥಿಯಂತೆ ಮಲಗಿತ್ತು. ಎಡ್ನಾ ದಿನವೂ ಮಗುವಿನ ಜ್ವರ ನೋಡುವ ಹಾಗೆ ಅದರ ಮೇಲೆ ಅಂಗೈ ಇಡುತ್ತಿದ್ದಳು. ಒಣಗಿದ ಮೇಲೆ ಸೊಸೆ ಗುಂಡಿಗಳಿಗೆ ಪುಟ್ಟಿ ತುಂಬಿದಳು, ಅತ್ತೆ ಉಜ್ಜಿದಳು. "ಮೆತ್ತಗೆ ಅತ್ತೆ, ಅದು ಹಂಡೆಯಲ್ಲ!" ಎಂದು ನೆರಿಸ್ ರೇಗಿಸಿದಾಗ, ಆ ಮನೆಯಲ್ಲಿ ಬಹಳ ತಿಂಗಳ ಮೇಲೆ ನಗು ಕೇಳಿಸಿತು. ಆಮೇಲೆ ಪ್ರೈಮರ್, ಅದರ ಮೇಲೆ ಹಸಿರು ಬಣ್ಣ. ಬಾನೆಟ್ ಮತ್ತೆ ಕಾರಿಗೆ ಕೂತಿತು, ಕಾರು ಅಂಗಳಕ್ಕೆ ಬಂತು.

ಹೊರೇಸ್ ಗಾಲಿಕುರ್ಚಿಯಲ್ಲಿ ಮನೆಗೆ ಬಂದ. ಸ್ವಾಧೀನದಲ್ಲಿದ್ದ ಒಂದು ಕೈಯಿಂದ ಬಾನೆಟ್ಟನ್ನು ಉದ್ದಕ್ಕೂ ಸವರಿದ. ಕನ್ನಡಿಯಂಥ ನುಣುಪು! ಅವನ ಕಣ್ಣು ತುಂಬಿದವು.

"ಹೊಸದು... ಯಾರು?" ಎಂದು ತೊದಲಿದ.

"ಹಾಳು ಮಾಡಿದ್ದು ನಾನು ಕಣ್ರೀ," ಎಂದಳು ಎಡ್ನಾ. "ಉಳಿಸಿದ್ದು ನಿಮ್ಮ ಸೊಸೆ. ಕಾರನ್ನೂ... ನನ್ನನ್ನೂ."

ಹೊರೇಸ್ ನೆರಿಸಳ ಕೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡ. ಎಡ್ನಾ ಏಪ್ರನ್ನಿನ ತುದಿಯಲ್ಲೇ ಮುಖ ಒರೆಸಿಕೊಳ್ಳುತ್ತ ಚಹಾ ಮಾಡಲು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಅಡುಗೆಮನೆಯ ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

"ನೆರಿಸ್, ನಿನಗೆ ಸಕ್ಕರೆ ಎಷ್ಟು ಹಾಕಲೇ?"

ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಅತ್ತೆ ಅದನ್ನು ಒಮ್ಮೆಯೂ ಕೇಳಿರಲಿಲ್ಲ. ನೆರಿಸ್ ಎರಡು ಬೆರಳು ಎತ್ತಿ ತೋರಿಸಿದಳು.