ಬೊಮ್ಮಕ್ಕ ಹೊಸ ಸ್ಪೀಕರ್ ಹಾಕಿದ್ದು

ಏಳು ಬೆಟ್ಟದಾಚೆ ಮಂದ್ರಾವತಿ ಅಂತ ಒಂದು ರಾಜ್ಯವಿತ್ತು. ಯಾವ ಕಾಲದ್ದು ಅಂತ ಕೇಳಬೇಡಿ, ನನಗೂ ಗೊತ್ತಿಲ್ಲ. ಅಲ್ಲಿ ಕೋಟೆಯಿತ್ತು, ಆನೆಯಿತ್ತು, ಬೇಸ್ ಗಿಟಾರೂ ಇತ್ತು. ಯಾಕೆ ನಗ್ತೀರಿ? ಹಾರುವ ಕುದುರೆ ಅಂದರೆ ತೆಪ್ಪಗೆ ಕೇಳ್ತೀರಿ, ಗಿಟಾರ್ ಅಂದರೆ ಮಾತ್ರ ನಗು ಬರುತ್ತದೋ! ಕರೆಂಟಿಗೆ ಅಂತ ಗೋಪುರದ ತುದಿಯಲ್ಲಿ ಒಂದು ಮಿಂಚನ್ನು ಕಟ್ಟಿಹಾಕಿದ್ದರು. ಸಾಕಾ?

ಆ ಗಿಟಾರ್ ನುಡಿಸುವವಳು ಬೊಮ್ಮಕ್ಕ. ಅದರ ಸದ್ದು ಬರುತ್ತಿದ್ದದ್ದು ಆಳೆತ್ತರದ ಮರದ ಪೆಟ್ಟಿಗೆಯಿಂದ. ಪೆಟ್ಟಿಗೆಯಲ್ಲಿ ನಾಲ್ಕು ಸ್ಪೀಕರು. ದಿನಾ ಬೆಳಿಗ್ಗೆ ಅವಳು ದಪ್ಪ ತಂತಿ ಮೀಟಿದರೆ ಊರವರ ಎದೆಯೆಲ್ಲ ಗುಮ್ಮೆನ್ನುತ್ತಿತ್ತು. ಆ ಸದ್ದು ಇರುವವರೆಗೆ ಯಾವ ಮಾಟವೂ ಊರೊಳಗೆ ಕಾಲಿಡುವಂತಿರಲಿಲ್ಲ. ಆದರೆ ಸ್ಪೀಕರುಗಳಿಗೆ ವಯಸ್ಸಾಗಿತ್ತು. ಸದ್ದು ಹೊರಡಿಸುವ ಬೋಗುಣಿ ಕಾಗದ ಹರಿದು, ಒಳಗಿನ ತಂತಿಸುರುಳಿ ಸುಟ್ಟು, ಒಂದು ದಿನ ಪರಪರ ಅಂದು ನಾಲ್ಕೂ ಸುಮ್ಮನಾದವು.

ಅದನ್ನೇ ಕಾಯುತ್ತಿದ್ದ ವಕ್ರಕಂಠನೆಂಬ ಮಾಂತ್ರಿಕ ಒಳಗೆ ನುಗ್ಗಿ ಕೀಚಲು ಸಿಳ್ಳೆ ಊದಿದ. ಕೇಳಿದವರೆಲ್ಲ ಬೊಂಬೆಗಳ ಹಾಗೆ ತಲೆಯಾಡಿಸತೊಡಗಿದರು. ಅವನು ಏನಂದರೂ ಹೂಂ. ರಾಜನೂ ಹೂಂ, ಮಂತ್ರಿಯೂ ಹೂಂ. ಬೊಮ್ಮಕ್ಕನ ಅಣ್ಣ ಮಾದಪ್ಪ ಊರಿಗೆಲ್ಲ ಹೆಸರಾದ ಜಗಳಗಂಟ, ಅವನೂ ಹೂಂ! ಬೊಮ್ಮಕ್ಕನಿಗೆ ಮಾತ್ರ ಏನೂ ಆಗಲಿಲ್ಲ. ವರ್ಷಗಟ್ಟಲೆ ಆ ಪೆಟ್ಟಿಗೆಯ ಪಕ್ಕದಲ್ಲೇ ನಿಂತು ಅವಳ ಕಿವಿಗೆ ಕೀಚಲು ಸದ್ದು ಕೇಳಿಸುವುದೇ ನಿಂತುಹೋಗಿತ್ತು.

ವಕ್ರಕಂಠ ಕಿರೀಟ ಇಟ್ಟುಕೊಂಡ. ಜಾರಿ ಬಿತ್ತು. ಮತ್ತೆ ಇಟ್ಟುಕೊಂಡ. ಮತ್ತೆ ಬಿತ್ತು. ಆ ನಾಡಿನಲ್ಲಿ ಒಬ್ಬರು ಒಪ್ಪದಿದ್ದರೂ ಕಿರೀಟ ತಲೆಯ ಮೇಲೆ ನಿಲ್ಲುತ್ತಿರಲಿಲ್ಲ.

"ಒಂದೇ ಒಂದು ಸಲ ತಲೆಯಾಡಿಸು," ಅಂದ ಅವನು ಬೊಮ್ಮಕ್ಕನಿಗೆ. "ಮೂರು ದಿನ ಕೊಟ್ಟಿದ್ದೇನೆ. ಮೂರನೆಯ ದಿನ ಹೊತ್ತು ಮುಳುಗುವುದರೊಳಗೆ ಒಪ್ಪದಿದ್ದರೆ ನಿನ್ನಣ್ಣ ಮರವಾಗಿಬಿಡುತ್ತಾನೆ."

ಅವಳು ಒಮ್ಮೆ ಅಣ್ಣನ ಮುಖ ನೋಡಿದಳು. ಆದರೂ "ಆಗೋಲ್ಲ ಹೋಗೋ!" ಅಂದಳು. ಅಂದು, ಹೊಸ ಸ್ಪೀಕರಿಗೆ ಸಾಮಾನು ತರಲು ಹೊರಟೇಬಿಟ್ಟಳು.

ಮೊದಲನೆಯ ದಿನ ಕಡಜಗಳ ಕಾಡು. ಮರ ಅಗಿದು ಕಾಗದ ಮಾಡುವುದರಲ್ಲಿ ಕಡಜವನ್ನು ಮೀರಿಸುವವರುಂಟೇ?

"ಕಾಗದ ಬೇಕಾದರೆ ತಲೆ ಬಾಗಿಸಿ ಬೇಡು," ಅಂದಳು ಎಮ್ಮೆಗಾತ್ರದ ಕಡಜರಾಣಿ.

"ಬೇಡೋಲ್ಲ ರಾಣಿಯಮ್ಮ. ಕೆಲಸ ಹೇಳು, ಮಾಡ್ತೀನಿ."

ರಾಣಿ ಕುಟುಕಿದಳು. ಕೆನ್ನೆ ಬನ್ನಿನ ಹಾಗೆ ಊದಿತು, ತಲೆ ಮಾತ್ರ ಬಾಗಲಿಲ್ಲ. "ಎಲಾ ಇವಳ! ಹಾಗಾದರೆ ಬಿದಿರು ಕುಟ್ಟು," ಅಂದಳು ರಾಣಿ. ಬೊಮ್ಮಕ್ಕ ಸಂಜೆಯವರೆಗೆ ಬಿದಿರು ಕುಟ್ಟಿದಳು. ಕಡಜಗಳು ಅದನ್ನು ಅಗಿದು ಬೋಗುಣಿಯಾಕಾರದ ನಾಲ್ಕು ಗಟ್ಟಿ ಕಾಗದ ಮಾಡಿಕೊಟ್ಟವು.

ಎರಡನೆಯ ದಿನ ಸೂಜಿಗಲ್ಲಿನ ಆಮೆ. ಪಾಪ, ಅದರ ಬೆನ್ನಿಗೆ ಸಾವಿರ ವರ್ಷದ ಕತ್ತಿ, ಮೊಳೆ, ಕುದುರೆಲಾಳ ಎಲ್ಲ ಅಂಟಿಕೊಂಡು ಹೆಜ್ಜೆ ಇಡಲಾರದೆ ಕೂತಿತ್ತು. ಆದರೂ ಜಂಭ ನೋಡಿ, "ತಲೆ ಬಾಗಿಸಿ ಬೇಡು," ಅಂತು.

"ಬೇಡೋಲ್ಲ ಅಜ್ಜ. ಸುಮ್ಮನೆ ಕೂತಿರು, ಕಬ್ಬಿಣ ಕೀಳ್ತೀನಿ."

ಕಿತ್ತಳು. ಅಂಗೈ ಚರ್ಮವೂ ಕಿತ್ತುಬಂತು. ಆಮೆ ಹಗುರಾಗಿ ಮೈ ಕೊಡವಿದಾಗ ಚಿಪ್ಪಿನಿಂದ ನಾಲ್ಕು ಸೂಜಿಗಲ್ಲು ಉದುರಿದವು.

ಮೂರನೆಯ ದಿನ ತಾಮ್ರದ ಹಾವು. ಅದು ಮಾತೇ ಆಡಲಿಲ್ಲ, ಬುಸ್ಸೆಂದು ನೇರ ಮೈಮೇಲೆ ಬಂತು. ಗಿಟಾರ್ ಹಿಡಿದು ಕಲ್ಲಾದ ಬೆರಳು ಅವಳವು. ಹಾವಿನ ಕತ್ತು ಅದುಮಿ ಹಿಡಿದಳು ನೋಡಿ! "ಬಿಡು ತಾಯಿ, ಪೊರೆ ಕೊಡ್ತೀನಿ ಬಿಡು!" ಅಂತ ಗೋಗರೆಯಿತು. ಆ ಪೊರೆ ಕೂದಲಿನಷ್ಟು ತೆಳುವಾದ ತಾಮ್ರದ ತಂತಿ.

ಅವಳು ಓಡೋಡಿ ಬರುವಾಗ ಹೊತ್ತು ಬೆಟ್ಟದ ತಲೆಯ ಮೇಲಿತ್ತು. ಮಾದಪ್ಪನ ಮೊಣಕಾಲಿನವರೆಗೆ ತೊಗಟೆ ಹಬ್ಬಿತ್ತು. ಹಳೇ ಸ್ಪೀಕರ್ ಬಿಚ್ಚಿ ಎಸೆದಳು. ತಂತಿ ಸುತ್ತಿ, ಕಾಗದ ಅಂಟಿಸಿ, ಸೂಜಿಗಲ್ಲು ಕೂರಿಸಿ, ಹೊಸ ನಾಲ್ಕನ್ನೂ ತಿರುಪು ಬಿಗಿದು ವೈರು ಜೋಡಿಸಿದಳು. ತಂತಿ ಮೀಟಿದಳು.

ಏನೂ ಇಲ್ಲ. ಸೊಳ್ಳೆ ಗುಂಯ್ ಅಂದಷ್ಟೂ ಇಲ್ಲ.

ವಕ್ರಕಂಠ ಹೊಟ್ಟೆ ಹಿಡಿದುಕೊಂಡು ನಕ್ಕ. "ಆ ಡಬ್ಬಾನ ಒಲೆಗೆ ಹಾಕು. ಚಿನ್ನದ ಪೆಟ್ಟಿಗೆ ಕೊಡಿಸ್ತೀನಿ, ಅಣ್ಣನನ್ನೂ ಕೊಡ್ತೀನಿ. ಒಂದೇ ಸಲ ಹೂಂ ಅನ್ನು."

ತೊಗಟೆ ಮಾದಪ್ಪನ ಎದೆಗೇರಿತು. ಸುಳ್ಳು ಯಾಕೆ ಹೇಳಲಿ, ಒಂದು ಗಳಿಗೆ ಬೊಮ್ಮಕ್ಕನ ಕತ್ತೂ ಸಡಿಲವಾಯಿತು. ಕಣ್ಣೀರು ದಳದಳ ಇಳಿಯಿತು. ಅಳುತ್ತಲೇ ಮತ್ತೊಮ್ಮೆ ತಂತಿ ಮೀಟಿ, ಗಾಯದ ಅಂಗೈಯನ್ನು ಒಂದೊಂದು ಸ್ಪೀಕರಿನ ಮುಂದೆ ಹಿಡಿದಳು. ಎರಡು ಗಾಳಿಯನ್ನು ಹೊರಗೆ ತಳ್ಳುತ್ತಿದ್ದವು. ಇನ್ನೆರಡು ಅದೇ ಹೊತ್ತಿಗೆ ಒಳಗೆ ಎಳೆದುಕೊಳ್ಳುತ್ತಿದ್ದವು. ಅವು ಆಡಿದ್ದನ್ನು ಇವು ನುಂಗುತ್ತಿದ್ದವು.

"ಥತ್, ನನ್ನ ಆತುರಕ್ಕಿಷ್ಟು! ಎರಡಕ್ಕೆ ವೈರು ಅದಲುಬದಲು ಹಾಕಿದೀನಿ!"

"ಹೂಂ ಅಂತೀಯೋ ಇಲ್ಲವೋ?" ಕಿರುಚಿದ ಮಾಂತ್ರಿಕ.

"ಇರೋ, ಕೈ ಬಿಡುವಿಲ್ಲ!" ಅಂದು ಅವಳು ಆ ಎರಡರ ವೈರು ಕಿತ್ತು ತಿರುಗಿಸಿ ಹಾಕಿದಳು. ಸೂರ್ಯನ ಅಂಚಷ್ಟೇ ಉಳಿದಿತ್ತು. ಮೀಟಿದಳು.

ಗುಮ್ಮ್!

ಕೋಟೆ ನಡುಗಿತು. ಸಿಳ್ಳೆ ಎರಡು ಹೋಳಾಯಿತು. ಆಡುತ್ತಿದ್ದ ತಲೆಗಳೆಲ್ಲ ಗಕ್ಕನೆ ನಿಂತವು. ವಕ್ರಕಂಠ ಗಾಬರಿಯಾಗಿ ಕಿರೀಟವನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು, "ನಾನೇ ನಿಮ್ಮ ರಾಜ, ಹೌದು ತಾನೇ?" ಅಂತ ಕೂಗಿದ.

ಮಾದಪ್ಪ ಎದೆಯ ತೊಗಟೆ ಕೆರೆದು ಎಸೆದು, "ಅಲ್ಲ ಕಣೋ!" ಅಂದ.

ಊರಿಗೆ ಊರೇ "ಅಲ್ಲ!" ಅಂತು. ಒಂದೊಂದು ಅಲ್ಲಕ್ಕೂ ಮಾಂತ್ರಿಕ ಒಂದೊಂದು ಗೇಣು ಕುಗ್ಗಿದ. ಕೊನೆಗೆ ಜೀರುಂಡೆಯಷ್ಟಾದ. ಬೊಮ್ಮಕ್ಕ ಇನ್ನೊಮ್ಮೆ ಮೀಟಿದಳು ನೋಡಿ, ಸ್ಪೀಕರಿನ ಗಾಳಿಗೆ ಏಳು ಬೆಟ್ಟ ದಾಟಿ ಹಾರಿಹೋದ.

"ಒಂದು ವೈರು ತಿರುಗಿಸೋಕೆ ಇಷ್ಟು ಹೊತ್ತೇನೇ? ಎದೆವರೆಗೆ ಮರ ಆಗಿದ್ದೆ ನಾನು!" ಅಂತ ರೇಗಿದ ಮಾದಪ್ಪ.

"ಮರವಾಗಿದ್ದಿದ್ದರೆ ಇನ್ನೊಂದು ಪೆಟ್ಟಿಗೆ ಮಾಡಿಸ್ಕೋತಿದ್ದೆ ಬಿಡು!" ಅಂದು ಬೊಮ್ಮಕ್ಕ ಅವನ ಕೊರಳಿಗೆ ಬಿದ್ದು ಗೊಳೋ ಅಂತ ಅತ್ತಳು. ಆಮೇಲೆ ಇಬ್ಬರೂ ಹೊಟ್ಟೆ ತುಂಬ ಜಗಳವಾಡಿದರು. ಮಂದ್ರಾವತಿಯ ಜನ ಆವತ್ತಿನಿಂದ ಬೇಕಾದ್ದಕ್ಕೆ ಹೂಂ ಅಂದು, ಬೇಡದ್ದಕ್ಕೆ ಊಹೂಂ ಅಂದು, ನೂರು ವರ್ಷ ಸುಖವಾಗಿದ್ದರು.