ಒಲ್ಲದ ಗರ್ಭ

ಆಫ್ರಿಕಾದ ಕೆಂಧೂಳು ಕಡಲು ದಾಟಿ ಬಂದು ತೊತಾನಾ ಊರಿನ ಮೇಲೆ ಕವಿದು ಮಧ್ಯಾಹ್ನವೇ ಮುಸ್ಸಂಜೆಯಂತಾಗಿದ್ದ ದಿನ ಫುಯೆನ್ಸಾಂತಾ ಬಂದಳು. ಬಾಗಿಲು ತೆರೆದ ಹಿನೇಸನಿಗೆ ಮೊದಲು ಕಂಡದ್ದು ಅವಳ ಕೈಗಳು. ಬಿಟ್ಟರೆ ಎಲ್ಲಿ ಏನು ಮಾಡಿಬಿಡುತ್ತವೋ ಎಂಬಂತೆ ಒಂದನ್ನೊಂದು ಬಿಗಿಯಾಗಿ ಹಿಡಿದು ಎದೆಗೊತ್ತಿಕೊಂಡಿದ್ದಳು.

"ದೋನ್ಯಾ ಲಿಯೊಕಾದಿಯಾ ಇದ್ದಾರಾ? ಹಂದಿಮರಿ ಕೊಂದವಳು ಬಂದಿದಾಳೆ ಅನ್ನಿ. ಊರಲ್ಲಿ ಈಗ ನನ್ನ ಹೆಸರು ಅದೇ."

ಹಿನೇಸ್ ಸಿವಿಲ್ ಗಾರ್ಡಿನ ಪೊಲೀಸ್ ಕೆಲಸ ಬಿಟ್ಟ ಮೇಲೆ ಲಿಯೊಕಾದಿಯಾಳ ಕಾರು ಓಡಿಸುತ್ತ, ಅವಳ ಬೈಗುಳ ತಿನ್ನುತ್ತ ಜೊತೆಗಿದ್ದ. ಆಕೆ ಬಹುಕಾಲ ನ್ಯಾಯಾಲಯಕ್ಕೆ ಸತ್ತ ಪ್ರಾಣಿಗಳ ಕತೆ ಬಿಡಿಸಿ ಹೇಳಿದ ಪಶುವೈದ್ಯೆ. ನಿವೃತ್ತಳಾದರೂ ಜನ ಬಿಡುತ್ತಿರಲಿಲ್ಲ. ಒಂದು ಕಿವಿ ಕೇಳಿಸುತ್ತಿರಲಿಲ್ಲ; ಕೇಳುವ ಕಿವಿಯನ್ನು ಹುಡುಗಿಯ ಕಡೆಗೆ ತಿರುಗಿಸಿ ಕೂತಳು.

"ಅಳೋದಿದ್ರೆ ಅತ್ತುಬಿಡು. ಆಮೇಲೆ ಸರಿಯಾಗಿ ಹೇಳು."

ಫುಯೆನ್ಸಾಂತಾ ಅಳಲಿಲ್ಲ. ಊರಾಚೆಯ ತಳಿ ಕೇಂದ್ರದಲ್ಲಿ ಅವಳದು ಭ್ರೂಣಗಳ ಕೆಲಸ. ಆ ಸೀಮೆಯ ಚಪ್ಪಟೆ ಮೂತಿಯ ಕರಿಹಂದಿಗಳಲ್ಲಿ ಮೊರೊ ಎಂಬ ಗಂಡುಹಂದಿಯ ವಂಶವೊಂದಿತ್ತು. ಜ್ವರ ಬಡಿದು ಮೊರೊ, ಅವನ ಹೆಣ್ಣುಗಳು ಎಲ್ಲ ಸತ್ತವು. ಉಳಿದದ್ದು ಹೆಪ್ಪುಗಟ್ಟಿಸಿಟ್ಟ ಭ್ರೂಣಗಳು ಮಾತ್ರ. ತಳಿ ಸಂಘದ ಒತ್ತಾಯಕ್ಕೆ ಈ ವಸಂತದಲ್ಲಿ ಆ ಭ್ರೂಣಗಳಲ್ಲಿ ಅರ್ಧದಷ್ಟನ್ನು ತೆಗೆದು ಮೂರು ಬಿಳಿ ಹೆಣ್ಣುಹಂದಿಗಳ ಗರ್ಭಕ್ಕೆ ಇಟ್ಟರು. ಒಂದು ಮರಿಯೂ ಹುಟ್ಟಲಿಲ್ಲ. ಫುಯೆನ್ಸಾಂತಾ ಅವುಗಳನ್ನು ಕರಗಿಸುವಾಗಲೇ ಕೊಂದಳು ಎಂದು ನಿರ್ದೇಶಕರು ಅವಳನ್ನು ಮನೆಗೆ ಕಳಿಸಿದ್ದರು.

"ಕರಗಿಸಿದ ಮೇಲೆ ಸೂಕ್ಷ್ಮದರ್ಶಕದಲ್ಲಿ ನೋಡಿದೀನಿ ದೋನ್ಯಾ. ಉಬ್ಬಿಕೊಂಡು, ಮೈ ತುಂಬಿಕೊಂಡಿದ್ದವು. ಬದುಕಿದ್ದವು."

"ಅದು ನೀನು ಹೇಳೋದು. ಹಂದಿ ಏನು ಹೇಳ್ತು? ಮತ್ತೆ ಬೆದೆಗೆ ಯಾವಾಗ ಬಂತು?"

"ತಡವಾಗಿ. ಮಾಮೂಲಿ ದಿನ ದಾಟಿತ್ತು. ಬಸಿರು ನಿಂತೇಬಿಡ್ತು ಅಂತ ಎಲ್ಲರೂ ಕೇಕ್ ತಿಂದಿದ್ವಿ."

ಲಿಯೊಕಾದಿಯಾ ಎದ್ದು ಕೋಟು ಹಾಕಿಕೊಂಡಳು. "ಹಿನೇಸ್, ಕಾರು ತೆಗಿ. ಈ ಹುಡುಗಿ ಸುಳ್ಳು ಹೇಳ್ತಿಲ್ಲ."

ನಿರ್ದೇಶಕ ದೋನ್ ಬಾಲ್ತಸಾರ್ ಬೆಳ್ಳಿಗೂದಲಿನ, ಮೆದುಮಾತಿನ ಮನುಷ್ಯ. ತಾನೇ ಕಾಫಿ ಬೆರೆಸಿ ಕೊಟ್ಟ. ಮೊರೊ ಹೆಸರೆತ್ತಿದಾಗ ಅವನ ಕಣ್ಣು ನಿಜವಾಗಿಯೇ ಒದ್ದೆಯಾಯಿತು.

"ಆ ಹುಡುಗಿ ಮೇಲೆ ನನಗೆ ದ್ವೇಷ ಇಲ್ಲಮ್ಮ. ಆದರೆ ನಾನೊಬ್ಬ ಎಷ್ಟು ಅಂತ ನೋಡ್ಲಿ? ನಮ್ಮ ಡಾಕ್ಟರು ರೊಸೆಂದೊ ಮಗಳ ಹೆರಿಗೆ ಅಂತ ಅರ್ಜೆಂಟೀನಾಗೆ ಹೋಗಿ ಕೂತ. ಅಷ್ಟೂ ದಿನ ಹಂದಿಗಳ ಮೇವು, ಲಸಿಕೆ, ಎಲ್ಲ ನನ್ನ ತಲೆ ಮೇಲೆ. ಭ್ರೂಣ ಇಡೋ ದಿನ ಬೆಳಿಗ್ಗೆ ಬಂದಿಳಿದ, ಮಹಾರಾಯ."

ರೊಸೆಂದೊ ಕೊಟ್ಟಿಗೆಯಲ್ಲಿ ಸಿಕ್ಕ. ದಪ್ಪ ಮೀಸೆ, ದಪ್ಪ ದನಿ. ಈ ಯೋಜನೆಯನ್ನು ಅವನು ಮೊದಲಿನಿಂದ ಹಳಿಯುತ್ತಿದ್ದ ಎಂದು ಫುಯೆನ್ಸಾಂತಾ ದಾರಿಯಲ್ಲೇ ಹೇಳಿದ್ದಳು.

"ಹೌದು, ಹಳಿದೆ. ಹಂದಿಯೇನು ಅಂಗಡಿ ಮೀನಾ, ಹೆಪ್ಪುಗಟ್ಟಿಸಿ ಇಡೋಕೆ? ಆದ್ರೆ ಕೆಲಸದಲ್ಲಿ ಕೈ ಕಟ್ಟಿ ನಿಂತವನಲ್ಲ ನಾನು. ಆರಿಸಿದ ಮೂರರಲ್ಲಿ ಒಂದು ಅವತ್ತು ಕುಂಟ್ತಿತ್ತು. ಪಕ್ಕದ ಕೊಟ್ಟಿಗೆಯಿಂದ ಅದೇ ಹೊತ್ತಿಗೆ ಬೆದೆಗೆ ಬಂದಿದ್ದ ಬೇರೆ ಹಂದೀನ ನಾನೇ ಎಳ್ಕೊಂಡು ಬಂದೆ. ಬೇಡ ಬೇಡ ಅಂತ ಸಾಹೇಬ್ರು ಕೂಗಾಡಿದ್ರು."

"ಆ ಹಂದಿ ಎಲ್ಲಿ?"

"ಕಸಾಯಿಖಾನೆಗೆ ಹೋಯ್ತು. ಬೆದೆಗೆ ಬರೋಕೂ ಮುಂಚೆ. ಯಾರು ಕಳಿಸಿದ್ರೋ, ನನ್ನನ್ನ ಕೇಳಲಿಲ್ಲ."

ಉಳಿದ ಎರಡು ಬಿಳಿ ಹಂದಿಗಳ ಕಿವಿಯ ಹಿಂದೆ ಲಿಯೊಕಾದಿಯಾ ಬೆರಳಾಡಿಸಿದಳು. ಹಿನೇಸನ ಕೈಯನ್ನೂ ಎಳೆದು ಇಡಿಸಿದಳು. ತೊಗಲಿನಡಿ ಗಟ್ಟಿ ಗಂಟುಗಳ ಸಾಲು ಅವನ ಬೆರಳಿಗೆ ಸಿಕ್ಕಿತು. ಪಕ್ಕದ ಕೊಟ್ಟಿಗೆಯ ಹಂದಿಗಳ ಕತ್ತು ನುಣುಪಾಗಿತ್ತು.

ಹಿತ್ತಲಿನ ಬೇಲಿಯೊಳಗೆ ತಿಸೋನ್ ಎಂಬ ಮುದಿ ಕರಿಹಂದಿ ಮಲಗಿತ್ತು. ಮೊರೊನ ಒಡಹುಟ್ಟಿದವನು, ಎಳವೆಯಲ್ಲೇ ಬೀಜ ಒಡೆದಿದ್ದರಿಂದ ವಂಶ ಬೆಳೆಸಲು ಬಾರದವನು. ನೋಡಲು ಬಂದ ಶಾಲೆಮಕ್ಕಳೆಲ್ಲ ಅವನ ಕತ್ತು ತುರಿಸುತ್ತಿದ್ದರಂತೆ. ಈಗ ಲಿಯೊಕಾದಿಯಾ ಕೈ ಚಾಚಿದ್ದೇ ತಡ, ತಿಸೋನ್ ಕಿರುಚಿಕೊಂಡು ಗೋಡೆಗೆ ಒತ್ತಿಕೊಂಡ.

"ಅಯ್ಯೋ, ಇವನಿಗೇನಾಯ್ತು?" ಎಂದಳು ಫುಯೆನ್ಸಾಂತಾ.

"ಸೂಜಿ ಕಂಡಿದ್ದಾನೆ," ಎಂದಳು ಲಿಯೊಕಾದಿಯಾ.

ಮರುದಿನ ಹಿನೇಸ್ ಕಸಾಯಿಖಾನೆಗೆ ಹೋದ. ಅಲ್ಲಿನ ತಪಾಸಣೆಯ ವೈದ್ಯೆಗೆ ಆ ಹಂದಿಯ ನೆನಪು ಚೆನ್ನಾಗಿಯೇ ಇತ್ತು. "ಹೊಟ್ಟೆ ಸೀಳಿದ್ರೆ ಗರ್ಭದ ತುಂಬ ಮರಿ! ಬಸುರಿ ಹಂದೀನ ಕಳಿಸಿದ್ದೀರಲ್ಲ, ನಿಮಗೇನು ಬುದ್ಧಿ ಇಲ್ವಾ ಅಂತ ಕೇಂದ್ರಕ್ಕೆ ಫೋನ್ ಮಾಡಿ ಬೈದೆ." ಪಾಠಕ್ಕೆಂದು ಒಂದೆರಡು ಮರಿಗಳನ್ನು ಗಾಜಿನ ಭರಣಿಯಲ್ಲಿ ಇಟ್ಟಿದ್ದಳು. ಹೆಬ್ಬೆರಳಿಗಿಂತ ತುಸು ದೊಡ್ಡವು. ಕಣ್ಣು ಮುಚ್ಚಿ, ಚಪ್ಪಟೆ ಮೂತಿಯನ್ನು ಎದೆಗೆ ತಗ್ಗಿಸಿಕೊಂಡಿದ್ದವು. ಹೆಣಗಳನ್ನು ಕಂಡು ಅಂಜುವ ಮನುಷ್ಯನಲ್ಲ ಹಿನೇಸ್. ಆದರೂ ಭರಣಿಯನ್ನು ಕಾರಿನಲ್ಲಿ ಪಕ್ಕಕ್ಕಿಟ್ಟು ಅದರ ಮೇಲೆ ತನ್ನ ಜಾಕೆಟ್ಟು ಹೊದಿಸಿದ.

ಮರಿಗಳ ಚೂರೊಂದು ಪರೀಕ್ಷೆಗೆ ಹೋಗಿ, ಫಲಿತಾಂಶ ಬಂದ ಬೆಳಿಗ್ಗೆ, ಲಿಯೊಕಾದಿಯಾ ಎಲ್ಲರನ್ನೂ ಕೇಂದ್ರದ ಪ್ರಯೋಗಶಾಲೆಗೆ ಕರೆಸಿದಳು. ಬಾಲ್ತಸಾರ್, ರೊಸೆಂದೊ, ಫುಯೆನ್ಸಾಂತಾ, ಜೊತೆಗೆ ತಳಿ ಸಂಘದ ಅಧ್ಯಕ್ಷೆ. ಹಿನೇಸ್ ಬಾಗಿಲಿಗೆ ಒರಗಿ ನಿಂತ.

"ಭ್ರೂಣ ಕರಗಿಸೋವಾಗಲೇ ಸತ್ತಿದ್ರೆ," ಲಿಯೊಕಾದಿಯಾ ಶುರುಮಾಡಿದಳು, "ಹಂದಿಗೆ ತಾನು ಬಸುರಿ ಅಂತಾನೇ ಗೊತ್ತಾಗ್ತಿರಲಿಲ್ಲ. ಹೊತ್ತಿಗೆ ಸರಿಯಾಗಿ ಬೆದೆಗೆ ಬರ್ತಿತ್ತು. ಇವು ತಡವಾಗಿ ಬಂದವು. ಅಂದ್ರೆ ಮರಿಗಳು ಒಳಗಿಂದ 'ನಾವಿದ್ದೀವಿ' ಅಂತ ತಾಯಿಗೆ ಹೇಳಿದ್ದವು. ಆಮೇಲೆ ಸತ್ತವು. ಫುಯೆನ್ಸಾಂತಾ ಕೈಯಲ್ಲಿ ಅಲ್ಲ, ಗರ್ಭದಲ್ಲಿ."

ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದಳು.

"ಅದೇ ಭ್ರೂಣ, ಅದೇ ದಿನ, ಮೂರನೇ ಹಂದಿಗೂ ಹೋಯ್ತು. ಅದು ಹಿಡಿದಿಟ್ಟುಕೊಳ್ತು." ಹಿನೇಸ್ ಭರಣಿಯ ಮೇಲಿನ ಬಟ್ಟೆ ತೆಗೆದ. ಅಧ್ಯಕ್ಷೆ ಮುಖ ತಿರುಗಿಸಿದಳು. "ಹಾಗಾದ್ರೆ ಆ ಹಂದಿಗೂ ಉಳಿದೆರಡಕ್ಕೂ ಏನು ವ್ಯತ್ಯಾಸ? ಇದು ಪಕ್ಕದ ಕೊಟ್ಟಿಗೆಯದು, ಕೊನೇ ಗಳಿಗೆಯಲ್ಲಿ ಬಂದದ್ದು. ಅವೆರಡರ ಕತ್ತಲ್ಲಿ ಗಂಟುಗಳಿವೆ."

ಮೇಜಿನ ಮೇಲೆ ಬಿಳಿ ಗಾಜಿನ ಹಲಗೆಯಿತ್ತು. ಅದರ ಒಂದು ಬದಿ ಗಂಟುಕತ್ತಿನ ಹಂದಿಗಳ ರಕ್ತದ ತಿಳಿ, ಇನ್ನೊಂದು ಬದಿ ಪಕ್ಕದ ಕೊಟ್ಟಿಗೆಯ ಹಂದಿಯದು. ಎರಡಕ್ಕೂ ತಿಸೋನನ ರಕ್ತದ ಹನಿ ಬಿಟ್ಟು ಲಿಯೊಕಾದಿಯಾ ಹಲಗೆಯನ್ನು ಮೆಲ್ಲಗೆ ಅಲುಗಿಸಿದಳು. ಪಕ್ಕದ ಕೊಟ್ಟಿಗೆಯ ಹಂದಿಯ ಬದಿ ಸಮನಾಗಿ ಕೆಂಪಗೇ ಉಳಿಯಿತು. ಗಂಟುಕತ್ತಿನ ಹಂದಿಗಳ ಬದಿಯ ಹನಿ ಒಡೆದ ಹಾಲಿನಂತೆ ಕಣಕಣವಾಯಿತು.

"ಮಾಮೂಲಿ ಬಸಿರಲ್ಲಿ ಮರಿಯ ಅರ್ಧ ತಾಯಿಯದೇ. ಬಾಡಿಗೆ ಗರ್ಭದಲ್ಲಿ ಅದು ಪೂರ್ತಿ ಪರಕೀಯ. ಆದರೂ ತಾಯಿಯ ಮೈ ಹೇಗೋ ಸಹಿಸ್ಕೊಳ್ಳುತ್ತೆ, ಪರಕೀಯವಾದದ್ದನ್ನ ಹೊಡೆಯೋ ತನ್ನ ಕಾವಲಿನವರನ್ನ ಸುಮ್ಮನಿರಿಸುತ್ತೆ. ಎಷ್ಟೋ ಸಲ ಸೋಲುತ್ತೆ, ಆದ್ರೂ ಪ್ರಯತ್ನ ಮಾಡುತ್ತೆ. ಈ ಹಂದಿಗಳಿಗೆ ಆ ಅವಕಾಶಾನೇ ಕೊಡಲಿಲ್ಲ. ಯಾರೋ ಮೊದಲೇ ತಿಸೋನನ ರಕ್ತಕಣ ತೆಗೆದು, ಕೆರಳಿಸೋ ಎಣ್ಣೆಮದ್ದು ಬೆರೆಸಿ, ಮತ್ತೆ ಮತ್ತೆ ಚುಚ್ಚಿದ್ರು. ಈ ವಂಶದ ಗುರುತು ಸಿಕ್ಕಿದ್ರೆ ಬಿಡಬೇಡ ಅಂತ ಅವುಗಳ ಮೈಗೆ ಕಲಿಸಿದ್ರು. ಖಾತ್ರಿ ಉಪಾಯ ಏನಲ್ಲ, ಕೈಕೊಡಬಹುದಿತ್ತು. ಆದ್ರೆ ಫಲಿಸಿದ್ರೆ ಹೆಣಾನೂ ಸಿಗಲ್ಲ. ಅಷ್ಟು ಎಳೇ ಮರೀನ ಗರ್ಭವೇ ಕರಗಿಸಿಕೊಂಡುಬಿಡುತ್ತೆ."

"ನಾನಲ್ಲ!" ರೊಸೆಂದೊ ಕುರ್ಚಿ ಹಿಂದಕ್ಕೆ ನೂಕಿ ಎದ್ದ.

"ಕೂತ್ಕೊ ಮಾರಾಯ. ನೀನು ಮೊಮ್ಮಗೂನ ಎತ್ತಿ ಆಡಿಸ್ತಿದ್ದೆ. ಆ ದಿನಗಳಲ್ಲಿ ಲಸಿಕೆ ಹಾಕಿದವರು ಯಾರು ಅಂತ ಅವರೇ ಹೇಳಿದ್ರು, ಕಾಫಿ ಕೊಡ್ತಾ. ಬದಲಿ ಹಂದಿ ಬೇಡ ಅಂತ ಕೂಗಾಡಿದವರೂ ಅವರೇ. ಅದು ಬೆದೆಗೆ ಬರದೇ ಇದ್ದಾಗ ಹೆದರಿ ಕಸಾಯಿಖಾನೆಗೆ ಅಟ್ಟಿದ್ರು. ಅಲ್ಲಿಂದ ಬಂದ ಫೋನ್ ಕೂಡ ಅವರೇ ತೆಗೊಂಡಿರಬೇಕು. ಆ ಸುದ್ದಿ ನಿಮ್ಮಲ್ಲಿ ಬೇರೆ ಯಾರಿಗೂ ಮುಟ್ಟಿಲ್ಲ."

ಎಲ್ಲರೂ ಬಾಲ್ತಸಾರನ ಕಡೆ ನೋಡಿದರು. ಅವನು ಭರಣಿಯನ್ನೇ ನೋಡುತ್ತಿದ್ದ.

"ಯಾಕೆ ಅನ್ನೋದು ಮಾತ್ರ ನನಗೆ ಹೊಳೆದಿರಲಿಲ್ಲ," ಲಿಯೊಕಾದಿಯಾಳ ದನಿ ತಗ್ಗಿತು. "ಈ ಮರಿಗಳೇ ಹೇಳಿದವು. ಇವುಗಳ ಮೈಯಲ್ಲಿ ಬಿಳಿ ಹಂದಿಯ ರಕ್ತ ಇದೆ ದೋನ್ ಬಾಲ್ತಸಾರ್. ಹೊತ್ತ ಹಂದಿಯಿಂದ ಅಲ್ಲ, ವಂಶದಿಂದಲೇ ಬಂದದ್ದು. ಮೊರೊ ಅಪ್ಪಟ ಕರಿ ತಳಿ ಅಲ್ಲ."

"ಹುಟ್ಟೋ ಮರಿಗಳನ್ನೆಲ್ಲ ಪರೀಕ್ಷೆ ಮಾಡಿಸ್ತೀವಿ ಅಂತ ಈ ವರ್ಷ ನಾವೇ ನಿಯಮ ತಂದ್ವಿ," ಎಂದಳು ಅಧ್ಯಕ್ಷೆ ಮೆಲ್ಲಗೆ.

ಬಾಲ್ತಸಾರ್ ಭರಣಿಯ ಗಾಜನ್ನು ಬೆರಳಿನಿಂದ ಮುಟ್ಟಿದ. "ಸ್ವಂತದವರಲ್ಲೇ ಕೂಡಿ ಕೂಡಿ ಮರಿಗಳು ಹುಟ್ಟುತ್ತಲೇ ಸಾಯ್ತಿದ್ದವು. ಒಂದೇ ಒಂದು ಸಲ ಬಿಳಿ ಹೆಣ್ಣನ್ನ ಕೂಡಿಸಿದೆ. ಅಷ್ಟೇ, ವಂಶ ಚಿಗುರಿಕೊಳ್ತು, ಮೊರೊ ಅದರ ಕುಡಿ. ಅಪ್ಪಟ ಅಂತ ಬರೆದುಕೊಟ್ಟೆ. ಪದಕ ಕೊಟ್ರು. ಬೀದಿಗೆ ನನ್ನ ಹೆಸರಿಟ್ರು. ಆಮೇಲೆ ಹೇಗೆ ಹೇಳ್ಲಿ?"

"ಭ್ರೂಣ ಇಟ್ಟ ಡಬ್ಬೀನೇ ಎಸೆದುಬಿಡಬಹುದಿತ್ತಲ್ಲ," ಎಂದ ಹಿನೇಸ್, ತಡೆಯಲಾಗದೆ.

"ಬೀಗದ ಕೈ ನನ್ನ ಹತ್ತಿರ ಮಾತ್ರ ಇರೋದು. ಎಸೆದಿದ್ರೆ ನನ್ನನ್ನೇ ಕೇಳ್ತಿದ್ರು."

"ಅದಕ್ಕೆ ನನ್ನನ್ನ ಎಸೆದ್ರಿ," ಎಂದಳು ಫುಯೆನ್ಸಾಂತಾ. "ನಮ್ಮಮ್ಮ ಚರ್ಚಿಗೆ ಹೋಗೋದು ಬಿಟ್ಟಿದಾಳೆ, ಗೊತ್ತಾ ನಿಮಗೆ? ನಿದ್ದೇಲಿ ಎದ್ದು ನಾನೇ ಬಿಸಿ ಜಾಸ್ತಿ ಮಾಡಿದ್ನೇನೋ ಅಂತ ಕೈ ನೋಡ್ಕೋತಿದ್ದೆ."



ಹುಡುಗಿಯ ಹೆಸರಿಗೆ ಹತ್ತಿದ ಕಳಂಕ ತೊಳೆಯಿತು, ಬಾಲ್ತಸಾರನ ಮೇಲೆ ಮೊಕದ್ದಮೆ ಬಿತ್ತು. ಆದರೆ ಸತ್ಯ ಹೊರಬಿದ್ದ ದಿನವೇ ಮೊರೊನ ವಂಶಕ್ಕಿದ್ದ ಬೆಲೆಯೂ ಹೋಯಿತು. ಮಿಶ್ರ ತಳಿಯನ್ನು ಉಳಿಸಿ ಏನಾಗಬೇಕೆಂದು ಸಂಘ ಕೈತೊಳೆದುಕೊಂಡಿತು. ಮಿಕ್ಕ ಭ್ರೂಣಗಳನ್ನು ಏನು ಬೇಕಾದರೂ ಮಾಡಿಕೊಳ್ಳಿ ಎಂದಿತು. ಫುಯೆನ್ಸಾಂತಾ ಮತ್ತು ರೊಸೆಂದೊ ಯಾರನ್ನೂ ಕೇಳದೆ ಅವನ್ನು ಪಕ್ಕದ ಕೊಟ್ಟಿಗೆಯ ಹಂದಿಯೊಂದರ ಗರ್ಭಕ್ಕೆ ಇಟ್ಟರು.

ಚಳಿಗಾಲದಲ್ಲಿ ಕರೆ ಬಂದು ಹಿನೇಸ್ ಲಿಯೊಕಾದಿಯಾಳನ್ನು ಕರೆದುಕೊಂಡು ಹೋದ. ಹೆಚ್ಚಿನವು ಒಳಗೇ ಕರಗಿಹೋಗಿದ್ದವು. ಹುಟ್ಟಿದ್ದೇ ಎರಡು, ಅದರಲ್ಲಿ ಒಂದು ಸತ್ತೇ ಬಂದಿತ್ತು. ಇನ್ನೊಂದು ಫುಯೆನ್ಸಾಂತಾಳ ತೋಳಿನಲ್ಲಿ ಉಸಿರಾಡುತ್ತಿತ್ತು.

"ಯಾವ ತಳಿ ಅಂತ ಬರೆಸ್ತೀಯ?" ಎಂದು ಕೇಳಿದಳು ಲಿಯೊಕಾದಿಯಾ.

"ಹಂದಿ ಅಂತ."

ಆಗಲೇ ಗೇಟಿನ ಆಚೆ ಬಾಲ್ತಸಾರ್ ನಿಂತಿರುವುದು ಹಿನೇಸನಿಗೆ ಕಂಡಿತು. ಕ್ಷೌರವಿಲ್ಲದ ಮುಖ, ಒಳಗೆ ಬರಲು ಅವನಿಗೆ ಅನುಮತಿಯಿರಲಿಲ್ಲ. ಸರಳುಗಳನ್ನು ಹಿಡಿದು ನಿಂತಿದ್ದ ಅಷ್ಟೇ. ಓಡಿಸಲೆಂದು ಹಿನೇಸ್ ಹೆಜ್ಜೆಯಿಟ್ಟಾಗ ಫುಯೆನ್ಸಾಂತಾ ಬೇಡವೆಂದು ತಲೆಯಾಡಿಸಿದಳು. ಅಂಗಳದ ನಡುವಿನವರೆಗೆ ನಡೆದುಹೋಗಿ, ಬಟ್ಟೆ ಸರಿಸಿ, ಮರಿಯ ಮುಖ ಗೇಟಿನತ್ತ ಕಾಣುವಂತೆ ಹಿಡಿದುಕೊಂಡಳು. ಮುದುಕನ ಭುಜಗಳು ಅಲುಗತೊಡಗಿದವು. ಅವಳು ಮರಿಗೆ ಬಟ್ಟೆ ಹೊದಿಸಿ, ಒಳಗೆ ಹೋಗಿ, ಬಾಗಿಲು ಹಾಕಿಕೊಂಡಳು.